ಕೆಡದಂತೆ ಇಡುವ ಸಲಹೆಗೆ ಕಾರಣವೂ ಗಡುವೂ ಜೊತೆಗಿರಲಿ

ಸಂಪಾದಕರಿಗೆ,

ಮಾನ್ಯರೇ,

ತಿನ್ನುವ ಪದಾರ್ಥ ಕೆಡದಂತೆ ನೋಡಿಕೊಳ್ಳುವ ಮನೆಯ ರೂಢಿಗಳು ಈಗ ಒಂದೊಂದು ಸಾಲಿನ ಸಲಹೆಗಳಾಗಿ ಪತ್ರಿಕೆಗಳಲ್ಲೂ ಫೋನುಗಳಲ್ಲೂ ಓಡಾಡುತ್ತಿವೆ. ಬಾಳೆಹಣ್ಣಿನ ತೊಟ್ಟಿಗೆ ಪ್ಲಾಸ್ಟಿಕ್ ಸುತ್ತಿ, ಅಕ್ಕಿಯನ್ನು ಫ್ರೀಜರಿಗೆ ಹಾಕಿ, ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿಡಿ, ಬೆಣ್ಣೆಹಣ್ಣನ್ನು ನೀರಿನಲ್ಲಿಡಿ. ಇವುಗಳಲ್ಲಿ ಕೆಲವು ನೋಡಲು ವಿಚಿತ್ರ, ಆದರೆ ಪೂರ್ತಿ ಸರಿ. ಕೆಲವು ನೋಡಲು ಸಹಜ, ಆದರೆ ಜೀವಕ್ಕೇ ಕುತ್ತು. ಎರಡನ್ನೂ ಒಂದೇ ಧಾಟಿಯಲ್ಲಿ ಹೇಳಿಬಿಟ್ಟರೆ ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು ಎಂದು ಓದಿದವರಿಗೆ ತಿಳಿಯುವುದೇ ಇಲ್ಲ. ಆ ವ್ಯತ್ಯಾಸವನ್ನು ತೋರಿಸಲು ಈ ಪತ್ರ. ಸ್ವಲ್ಪ ಉದ್ದವಾಗಿದೆ, ವಿವರ ಬಿಟ್ಟರೆ ಇದೂ ಒಂದು ಸಾಲಿನ ಸಲಹೆಯೇ ಆಗಿಬಿಡುತ್ತದೆ.

ಆಹಾರ ಒಂದೇ ಕಾರಣಕ್ಕೆ ಕೆಡುವುದಿಲ್ಲ. ಕೊಯ್ದ ಮೇಲೂ ಸೊಪ್ಪು, ಹಣ್ಣು, ಗೆಡ್ಡೆ ಉಸಿರಾಡುತ್ತಲೇ ಇರುತ್ತವೆ. ಆ ಉಸಿರಾಟದಲ್ಲೇ ಬಾಡುತ್ತವೆ, ಮಾಗುತ್ತವೆ, ಮೊಳಕೆಯೊಡೆಯುತ್ತವೆ. ಕಾಳು, ಹಿಟ್ಟುಗಳಿಗೆ ಹುಳದ ಕಾಟ. ಎಣ್ಣೆಯ ಅಂಶ ಇರುವುದಕ್ಕೆ ಗಾಳಿ ತಗುಲಿ ಕಮಟು ಬರುತ್ತದೆ. ಬೇಯಿಸಿದ ಆಹಾರದಲ್ಲಿ ಬ್ಯಾಕ್ಟೀರಿಯ ಬೆಳೆಯುತ್ತದೆ. ಹೀಗೆ ಒಂದೊಂದರ ಶತ್ರು ಬೇರೆ ಬೇರೆ. ಒಂದು ರೂಢಿ ಇವುಗಳಲ್ಲಿ ಯಾವುದನ್ನು ತಡೆಯುತ್ತದೆ ಎಂದು ಗೊತ್ತಾದರೆ, ಅದು ಎಲ್ಲಿಯವರೆಗೆ ಕೆಲಸ ಮಾಡುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದೂ ತಾನಾಗಿ ಗೊತ್ತಾಗುತ್ತದೆ.

ಕೊತ್ತಂಬರಿ ಸೊಪ್ಪನ್ನು ಹೂವಿನಂತೆ ಲೋಟದ ನೀರಿನಲ್ಲಿ ನಿಲ್ಲಿಸುವ ರೂಢಿಯನ್ನೇ ನೋಡಿ. ಕಟ್ಟು ಬಿಚ್ಚಿ, ಹಳದಿಯಾದ ಮತ್ತು ಜಜ್ಜಿಹೋದ ಎಲೆಗಳನ್ನು ಕಿತ್ತು ಹಾಕಬೇಕು. ಒಂದು ಕೊಳೆತ ಎಲೆ ಸಾಕು, ಪಕ್ಕದವನ್ನೂ ಲೋಳೆ ಮಾಡಿಬಿಡುತ್ತದೆ. ದಂಟಿನ ತುದಿಯನ್ನು ಅರ್ಧ ಸೆಂಟಿಮೀಟರಿನಷ್ಟು ಕತ್ತರಿಸಿ, ಎರಡು ಮೂರು ಸೆಂಟಿಮೀಟರ್ ನೀರಿರುವ ಲೋಟದಲ್ಲಿ ನಿಲ್ಲಿಸಿ. ಎಲೆ ಯಾವುದೂ ನೀರಿಗೆ ತಾಗಬಾರದು. ಮೇಲಿಂದ ಒಂದು ಕವರನ್ನು ಸಡಿಲವಾಗಿ ಕವುಚಿ ಫ್ರಿಜ್ಜಿನಲ್ಲಿಡಿ. ಎರಡು ದಿನಕ್ಕೊಮ್ಮೆ ನೀರು ಬದಲಿಸಿ. ದಂಟು ನೀರು ಎಳೆದುಕೊಳ್ಳುತ್ತದೆ, ಕವರು ಎಲೆಯಿಂದ ನೀರು ಆರಿಹೋಗುವುದನ್ನು ತಡೆಯುತ್ತದೆ, ತಂಪು ಉಸಿರಾಟವನ್ನು ನಿಧಾನಗೊಳಿಸುತ್ತದೆ. ಮೂರೂ ಸೇರಿದರೆ ಎರಡು ವಾರ ಹಸಿರಾಗಿಯೇ ಇರುತ್ತದೆ. ನೀರು ಬದಲಿಸದಿದ್ದರೆ ದಂಟಿನ ಬುಡ ಕೊಳೆತು, ಲೋಟದ ನೀರು ಮಸುಕಾಗಿ ನಾರುತ್ತದೆ. ಇದೇ ಉಪಾಯವನ್ನು ತುಳಸಿಯ ಜಾತಿಯ ಬೇಸಿಲ್ ಸೊಪ್ಪಿಗೆ ಮಾಡಿ ಫ್ರಿಜ್ಜಿನಲ್ಲಿಟ್ಟರೆ ಬೇಗನೆ ಎಲೆ ಕಪ್ಪಾಗುತ್ತದೆ, ಏಕೆಂದರೆ ಆ ಗಿಡಕ್ಕೆ ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿ ಆಗದು. ಅದಕ್ಕೆ ಲೋಟ ಬೇಕು, ನೀರು ಬೇಕು, ಫ್ರಿಜ್ ಬೇಡ.

ದಂಟಿಲ್ಲದ ಬಿಡಿ ಸೊಪ್ಪಿಗೆ ಬೇರೆ ಕ್ರಮ. ತೊಳೆದರೆ ಪೂರ್ತಿ ನೀರಾರಿಸಬೇಕು, ಇಲ್ಲವೇ ತೊಳೆಯದೆ ಇಡಬೇಕು. ಡಬ್ಬಿಯ ತಳಕ್ಕೊಂದು, ಮೇಲಕ್ಕೊಂದು ಒಣ ಹತ್ತಿಬಟ್ಟೆ ಹಾಸಿ ಮುಚ್ಚಳ ಹಾಕಿ. ಡಬ್ಬಿಯೊಳಗೆ ಹನಿಗಟ್ಟುವ ನೀರನ್ನು ಬಟ್ಟೆ ಹೀರುತ್ತದೆ. ಗಾಳಿಯಲ್ಲಿ ತೇವ ಇದ್ದೇ ಇರುತ್ತದೆ, ಎಲೆಯ ಮೇಲೆ ಮಾತ್ರ ನೀರು ನಿಲ್ಲುವುದಿಲ್ಲ. ಬಟ್ಟೆ ಒದ್ದೆಯಾದಾಗ ಬದಲಿಸುವುದನ್ನು ಮರೆತರೆ ಇಷ್ಟೂ ವ್ಯರ್ಥ. ದಯವಿಟ್ಟು ಇದಕ್ಕೆ ಪತ್ರಿಕೆಯ ಹಾಳೆ ಬಳಸಬೇಡಿ ಎಂದು ಪತ್ರಿಕೆಯೇ ಹೇಳಿದರೆ ಚೆನ್ನ. ಮುದ್ರಣದ ಶಾಯಿ ತಿನ್ನುವ ಪದಾರ್ಥಕ್ಕೆಂದು ಮಾಡಿದ್ದಲ್ಲ, ಒದ್ದೆಯಾದರೆ ಎಲೆಗೆ ಅಂಟುತ್ತದೆ.

ಬಾಳೆಹಣ್ಣಿನ ತೊಟ್ಟಿನ ವಿಷಯಕ್ಕೆ ಬರೋಣ. ಮಾಗುವ ಹಣ್ಣು ಎಥಿಲೀನ್ ಎಂಬ ಅನಿಲ ಬಿಡುತ್ತದೆ. ಆ ಅನಿಲ ಅದೇ ಹಣ್ಣನ್ನೂ ಪಕ್ಕದ ಹಣ್ಣನ್ನೂ ಇನ್ನಷ್ಟು ಬೇಗ ಮಾಗಿಸುತ್ತದೆ. ಸಸ್ಯಗಳ ಮೇಲೆ ಈ ಅನಿಲದ ಪರಿಣಾಮವನ್ನು 1901ರಲ್ಲಿ ತೋರಿಸಿದವರು ರಷ್ಯಾದ ವಿಜ್ಞಾನಿ ದಿಮಿತ್ರಿ ನೆಲ್ಯುಬೊವ್. ದೀಪದ ಅನಿಲ ಬೆರೆತ ಗಾಳಿಯಲ್ಲಿ ಬಟಾಣಿ ಸಸಿಗಳು ವಕ್ರವಾಗಿ ಬೆಳೆಯುವುದಕ್ಕೆ ಎಥಿಲೀನೇ ಕಾರಣ ಎಂದು ಅವರು ಕಂಡುಕೊಂಡರು. ಹಣ್ಣೇ ಅದನ್ನು ತಯಾರಿಸುತ್ತದೆ ಎಂದು 1934ರಲ್ಲಿ ಸೇಬನ್ನಿಟ್ಟು ಸಾಬೀತು ಮಾಡಿದವರು ಇಂಗ್ಲೆಂಡಿನ ವಿಜ್ಞಾನಿ ರಿಚರ್ಡ್ ಗೇನ್. ತೊಟ್ಟಿಗೆ ಪ್ಲಾಸ್ಟಿಕ್ ಬಿಗಿದರೆ ಅನಿಲ ನಿಲ್ಲುವುದಿಲ್ಲ, ಸಿಪ್ಪೆಯಿಂದಲೂ ಹೊರಬರುತ್ತದೆ. ಹಾಗಾಗಿ ಲಾಭ ಅಲ್ಪ. ಅದಕ್ಕಿಂತ ಮುಖ್ಯವಾದದ್ದು ಬಾಳೆಹಣ್ಣನ್ನು ಬೇರೆ ಮಾಗಿದ ಹಣ್ಣುಗಳ ಬುಟ್ಟಿಯಿಂದ ಹೊರಗಿಡುವುದು. ಕಾಯಿ ಇನ್ನೂ ಹಸಿರಿದ್ದಾಗ ಫ್ರಿಜ್ಜಿಗೆ ಹಾಕಿದರೆ ಕೆಟ್ಟಿತೆಂದೇ ಲೆಕ್ಕ: ಸುಮಾರು 13 ಡಿಗ್ರಿಗಿಂತ ಕೆಳಗೆ ಮಾಗುವ ಕ್ರಿಯೆಯೇ ಹಾಳಾಗುತ್ತದೆ, ಹೊರಗೆ ತೆಗೆದರೂ ಸರಿಯಾಗಿ ಹಣ್ಣಾಗುವುದಿಲ್ಲ. ಪೂರ್ತಿ ಹಣ್ಣಾದ ಮೇಲೆ ಇಟ್ಟರೆ ಸಿಪ್ಪೆ ಕಪ್ಪಾಗುತ್ತದೆ, ಒಳಗಿನ ತಿರುಳು ಕೆಲವು ದಿನ ಚೆನ್ನಾಗಿಯೇ ಇರುತ್ತದೆ. ಸಿಪ್ಪೆ ನೋಡಿ ಎಸೆಯುವವರು ಒಳ್ಳೆಯ ಹಣ್ಣನ್ನೇ ಎಸೆಯುತ್ತಿದ್ದಾರೆ.

ಇದೇ ಅನಿಲ ತರಕಾರಿ ಡ್ರಾಯರಿನಲ್ಲಿ ಇನ್ನೊಂದು ಕೆಲಸ ಮಾಡುತ್ತದೆ. ಸೇಬಿನ ಜೊತೆ ಕ್ಯಾರೆಟ್ ಇಟ್ಟರೆ ಕೆಲವೇ ದಿನಗಳಲ್ಲಿ ಕ್ಯಾರೆಟ್ ಕಹಿಯಾಗುತ್ತದೆ. ಸೌತೆಕಾಯಿಯೂ ಸೊಪ್ಪೂ ಹಳದಿಗೆ ತಿರುಗುತ್ತವೆ. ಹಣ್ಣಿಗೊಂದು ಡ್ರಾಯರ್, ಸೊಪ್ಪು-ತರಕಾರಿಗೊಂದು ಡ್ರಾಯರ್ ಎಂದು ಬೇರೆ ಮಾಡಿದರೆ ಇಷ್ಟೂ ತಪ್ಪುತ್ತದೆ. ಡ್ರಾಯರಿಗೆ ಗಾಳಿಕಂಡಿ ಇದ್ದರೆ ಹಣ್ಣಿನದನ್ನು ತೆರೆದಿಡಿ, ಸೊಪ್ಪಿನದನ್ನು ಮುಚ್ಚಿಡಿ.

ಆಲೂಗಡ್ಡೆ, ಈರುಳ್ಳಿ ಎರಡನ್ನೂ ಒಂದೇ ಬುಟ್ಟಿಗೆ ಸುರಿಯುವುದು ಎಲ್ಲೆಡೆಯ ಅಭ್ಯಾಸ. ಆಲೂಗಡ್ಡೆಗೆ ಶೇ 90ಕ್ಕಿಂತ ಹೆಚ್ಚು ತೇವದ ಗಾಳಿ ಹಿತ, ಇಲ್ಲವಾದರೆ ಸುಕ್ಕಾಗುತ್ತದೆ. ಈರುಳ್ಳಿಗೆ ಶೇ 65-70 ಸಾಕು, ಮೀರಿದರೆ ಬುಡದಲ್ಲಿ ಬೇರು ಬಿಡುತ್ತದೆ, ಕುತ್ತಿಗೆಯಲ್ಲಿ ಬೂಷ್ಟು ಹಿಡಿಯುತ್ತದೆ. ಒಂದಕ್ಕೆ ಹಿತವಾದ ಗಾಳಿ ಇನ್ನೊಂದಕ್ಕೆ ರೋಗ. ಇಬ್ಬರಿಗೂ ಬೇಕಾದದ್ದು ಕತ್ತಲೆ ಮಾತ್ರ, ಅದರಲ್ಲೂ ಆಲೂಗಡ್ಡೆಗೆ. ಬೆಳಕು ಬಿದ್ದರೆ ಹಸಿರಾಗುತ್ತದೆ. ಆ ಹಸಿರು ಬಣ್ಣ ನಿರಪಾಯ, ಅದರ ಜೊತೆಯಲ್ಲೇ ಹೆಚ್ಚುವ ಸೊಲನಿನ್ ವಿಷ, ಬೇಯಿಸಿದರೆ ಹೋಗುವುದಿಲ್ಲ. ಸ್ವಲ್ಪ ಹಸಿರಿದ್ದರೆ ದಪ್ಪಗೆ ಹೆರೆದು ತೆಗೆಯಬಹುದು, ಕಹಿ ಬಂದರೆ ಇಡೀ ಗೆಡ್ಡೆಯನ್ನೇ ಬಿಡಬೇಕು. ಫ್ರಿಜ್ಜಿನ ಚಳಿಯಲ್ಲಿ ಆಲೂಗಡ್ಡೆಯ ಪಿಷ್ಟ ಸಕ್ಕರೆಯಾಗುತ್ತದೆ. ಬೇಯಿಸಿ ತಿನ್ನುವುದಾದರೆ ಸಿಹಿ ಜಾಸ್ತಿ ಎನ್ನುವುದಷ್ಟೇ. ಕರಿಯುವುದಾದರೆ ಒಳಗೆ ಬೇಯುವ ಮೊದಲೇ ಹೊರಗೆ ಕಂದುಗಪ್ಪಾಗುತ್ತದೆ.

ಬ್ರೆಡ್ಡನ್ನು ಫ್ರಿಜ್ಜಿನಲ್ಲಿಡುವವರು ಅದು ಒಣಗಿತು ಎನ್ನುತ್ತಾರೆ. ಅದು ಒಣಗಿದ್ದಲ್ಲ. ನೀರು ಒಂದಿಷ್ಟೂ ಹೋಗದಿದ್ದರೂ ಬ್ರೆಡ್ ಗಟ್ಟಿಯಾಗುತ್ತದೆ ಎಂದು ಫ್ರಾನ್ಸಿನ ರಸಾಯನ ವಿಜ್ಞಾನಿ ಬುಸ್ಸಾಂಗೊ 1852ರಲ್ಲೇ ತೋರಿಸಿದ್ದರು. 60 ಡಿಗ್ರಿಗೆ ಬಿಸಿ ಮಾಡಿದರೆ ಮತ್ತೆ ಮೆತ್ತಗಾಗುತ್ತದೆ ಎಂಬುದನ್ನೂ. ಬೆಂದಾಗ ಸಡಿಲವಾದ ಪಿಷ್ಟ ತಣ್ಣಗಾಗುತ್ತ ಮತ್ತೆ ಒತ್ತಾಗಿ ಕಟ್ಟಿಕೊಳ್ಳುವುದೇ ಇದಕ್ಕೆ ಕಾರಣ. ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಅಂದರೆ ಸರಿಯಾಗಿ ಫ್ರಿಜ್ಜಿನ ತಂಪಿನಲ್ಲಿ, ಈ ಕ್ರಿಯೆ ಅತಿ ವೇಗ. ಫ್ರೀಜರಿನಲ್ಲಿ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಹಾಗಾಗಿ ಎರಡು ದಿನದಲ್ಲಿ ಮುಗಿಯುವ ಬ್ರೆಡ್ ಹೊರಗಿರಲಿ, ಉಳಿದದ್ದು ತಂದ ದಿನವೇ ಹೋಳುಹೋಳಾಗಿ, ಗಾಳಿ ಒತ್ತಿ ತೆಗೆದ ಚೀಲದಲ್ಲಿ ಫ್ರೀಜರಿಗೆ ಹೋಗಲಿ. ಬೇಕಾದಷ್ಟು ಹೋಳು ತೆಗೆದು ಹೆಪ್ಪುಗಟ್ಟಿದ ಹಾಗೆಯೇ ಕಾವಲಿಯ ಮೇಲಿಟ್ಟರೆ ಸಾಕು. ಗಾಳಿ ತುಂಬಾ ತೇವವಾಗಿದ್ದು ಎರಡನೇ ದಿನವೇ ಬೂಷ್ಟು ಬರುವಲ್ಲಿ, ಫ್ರೀಜರೂ ಇಲ್ಲದಿದ್ದರೆ, ಫ್ರಿಜ್ಜೇ ವಾಸಿ. ಗಟ್ಟಿಯಾದದ್ದನ್ನು ಬಿಸಿ ಮಾಡಿ ತಿನ್ನಬಹುದು, ಬೂಷ್ಟು ಹಿಡಿದದ್ದನ್ನು ತಿನ್ನುವಂತಿಲ್ಲ.

ಅಕ್ಕಿಯನ್ನು, ಹಿಟ್ಟನ್ನು ಫ್ರೀಜರಿಗೆ ಹಾಕುವುದು ಕೇಳಲು ವಿಚಿತ್ರ. ಆದರೆ ಹುಳಕ್ಕೆ ಇಷ್ಟು ಸುಲಭವಾದ, ಔಷಧಿಯಿಲ್ಲದ ಮದ್ದು ಮತ್ತೊಂದಿಲ್ಲ. ಅಕ್ಕಿಯ ಹುಳ ಹೊರಗಿನಿಂದ ಹಾರಿಬಂದು ಸೇರುವುದಕ್ಕಿಂತ ಅಂಗಡಿಯಿಂದ ಕಾಳಿನೊಳಗೇ ಕುಳಿತು ಬರುವುದು ಹೆಚ್ಚು. ಹೆಣ್ಣುಹುಳ ಕಾಳಿಗೆ ಸಣ್ಣ ತೂತು ಕೊರೆದು, ಮೊಟ್ಟೆಯಿಟ್ಟು, ಬಾಯನ್ನು ಮುಚ್ಚಿಬಿಡುತ್ತದೆ. ಜರಡಿಯಲ್ಲಿ ಎಷ್ಟು ಜಾಲಿಸಿದರೂ ಅದು ಕಾಣದು. ಬೆಚ್ಚಗಿದ್ದರೆ ಸುಮಾರು ಒಂದು ತಿಂಗಳಲ್ಲಿ ಒಳಗಿನಿಂದ ಬೆಳೆದ ಹುಳ ಹೊರಬರುತ್ತದೆ. ಆಗ ಡಬ್ಬಿ ಸರಿಯಿಲ್ಲ ಎಂದು ಡಬ್ಬಿಯನ್ನು ಬೈಯುತ್ತೇವೆ!

ಮಾಡಬೇಕಾದದ್ದು ಇಷ್ಟು. ತಂದ ಕಾಳನ್ನು ಎರಡು ಕಿಲೋಗಿಂತ ಹೆಚ್ಚಿಲ್ಲದ ಪೊಟ್ಟಣಗಳಾಗಿ ಮಾಡಿ, ಚಪ್ಪಟೆಯಾಗಿ, ಗಾಳಿಯಾಡದ ಚೀಲದಲ್ಲಿ ಕಟ್ಟಿ. ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ನಾಲ್ಕು ದಿನ ಪೂರ್ತಿ ಬಿಡಿ. ದೊಡ್ಡ ಮೂಟೆಯನ್ನು ಹಾಗೇ ತುರುಕಿದರೆ ನಡುವಿನ ಕಾಳಿಗೆ ಚಳಿ ಮುಟ್ಟಲು ದಿನಗಟ್ಟಲೆ ಹಿಡಿಯುತ್ತದೆ. ನಡುವಿನ ಮೊಟ್ಟೆಗಳು ಬದುಕಿ ಉಳಿಯುವುದು ಹೀಗೆ. ಹೊರಗೆ ತೆಗೆದ ಮೇಲೆ ಒಂದು ತಪ್ಪು ಬಹಳ ಮನೆಗಳಲ್ಲಿ ಆಗುತ್ತದೆ: ತಕ್ಷಣ ಚೀಲ ಬಿಚ್ಚುವುದು. ತಣ್ಣನೆಯ ಕಾಳಿನ ಮೇಲೆ ಹೊರಗಿನ ಗಾಳಿಯ ತೇವ ಹನಿಯಾಗಿ ಕೂರುತ್ತದೆ, ಆ ತೇವವನ್ನು ಡಬ್ಬಿಗೆ ತುಂಬಿ ಮುಚ್ಚಿದರೆ ಹುಳದ ಬದಲು ಬೂಷ್ಟು ಬರುತ್ತದೆ. ಚೀಲವನ್ನು ಬಿಚ್ಚದೆ ಒಂದು ಹಗಲು ಒಂದು ರಾತ್ರಿ ಹೊರಗೆ ಬಿಟ್ಟು, ಮುಟ್ಟಿದರೆ ತಣ್ಣಗಿಲ್ಲ ಎಂದಾದ ಮೇಲೆ, ಒಣ ಡಬ್ಬಿಗೆ ಸುರಿದು ಬಿಗಿಯಾಗಿ ಮುಚ್ಚಿ. ಹಳೆಯ ಕಾಳು ಮುಗಿದ ಡಬ್ಬಿಯ ಮೂಲೆಯನ್ನೂ ಮುಚ್ಚಳದ ತಿರುಪನ್ನೂ ಒರೆಸದೆ ಹೊಸದನ್ನು ತುಂಬಬೇಡಿ, ಅಲ್ಲಿನ ಧೂಳಿನಲ್ಲೇ ಹಳೆಯ ಹುಳಗಳು ಉಳಿದಿರುತ್ತವೆ. ಡಬ್ಬಿಯಲ್ಲಿ ಒಂದೆರಡು ಎಲೆ, ಲವಂಗ ಹಾಕುವ ರೂಢಿಯಿಂದ ಕಾಳಿನೊಳಗಿನ ಮೊಟ್ಟೆಗೆ ಏನೂ ಆಗುವುದಿಲ್ಲ. ಹಾಕಿದರೆ ನಷ್ಟವಿಲ್ಲ, ಅದನ್ನೇ ನಂಬಿದರೆ ನಷ್ಟ.

ಗೋಡಂಬಿ, ವಾಲ್‌ನಟ್, ಹೊಟ್ಟು ತೆಗೆಯದ ಹಿಟ್ಟು ಇವುಗಳಿಗೆ ಫ್ರೀಜರೇ ಕಾಯಂ ಜಾಗವಾದರೂ ತಪ್ಪಿಲ್ಲ. ಅವುಗಳ ಕೊಬ್ಬಿಗೆ ಗಾಳಿ, ಬೆಳಕು, ಬಿಸಿ ತಗುಲಿದಷ್ಟೂ ಕಮಟು ಬೇಗ. ಹಸಿ ಶುಂಠಿಯೂ ಹಾಗೆಯೇ: ತೊಳೆದು ಒರೆಸಿ ಇಡಿಯಾಗಿ ಹೆಪ್ಪುಗಟ್ಟಿಸಿ, ಬೇಕಾದಾಗ ಕರಗಿಸದೆ ನೇರ ತುರಿಯಿರಿ. ಕರಗಿಸಿದರೆ ನೀರು ಬಿಟ್ಟು ಪಿಚಪಿಚ ಆಗುತ್ತದೆ, ಗಟ್ಟಿಯಿರುವಾಗ ತುರಿದರೆ ನಾರು ಸಹ ಅಡ್ಡ ಬರುವುದಿಲ್ಲ.

ಇನ್ನು ಅಪಾಯದ ಕಡೆಗೆ. ಸುಲಿದ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಅಡುಗೆಮನೆಯ ಕಟ್ಟೆಯ ಮೇಲೆ ಇಡುವ ಸಲಹೆಯನ್ನು ಯಾರು ಕೊಟ್ಟರೂ ದಯವಿಟ್ಟು ಪಾಲಿಸಬೇಡಿ. ಮಣ್ಣಿನಲ್ಲಿ ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯದ ಬೀಜಕಣಗಳು, ಅಂದರೆ ಗಟ್ಟಿ ಕವಚದೊಳಗೆ ನಿದ್ದೆಯಲ್ಲಿರುವ ರೂಪಗಳು, ಇರುತ್ತವೆ. ಬೆಳ್ಳುಳ್ಳಿ ಬೆಳೆಯುವುದು ಮಣ್ಣಿನೊಳಗೆ, ಎಷ್ಟು ತೊಳೆದರೂ ಒಂದೆರಡು ಉಳಿಯಬಹುದು. ಗಾಳಿ ಇರುವಲ್ಲಿ ಅವು ಸುಮ್ಮನಿರುತ್ತವೆ. ಎಣ್ಣೆ ಗಾಳಿಯನ್ನು ಹೊರಗಿಡುತ್ತದೆ, ಬೆಳ್ಳುಳ್ಳಿಯಲ್ಲಿ ನೀರಿದೆ, ಹುಳಿ ಕಡಿಮೆಯಿದೆ, ಅಡುಗೆಮನೆ ಬೆಚ್ಚಗಿದೆ. ಆ ಬ್ಯಾಕ್ಟೀರಿಯಕ್ಕೆ ಇನ್ನೇನು ಬೇಕು? ಅದು ಬಿಡುವ ವಿಷ ನರಗಳನ್ನು ಹಿಡಿಯುತ್ತದೆ: ಕಣ್ಣು ಮಂಜಾಗುವುದು, ರೆಪ್ಪೆ ಜೋಲುವುದು, ಮಾತು ತೊದಲುವುದು, ನುಂಗಲಾಗದಿರುವುದು, ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುವುದು. ಎಣ್ಣೆಗೆ ವಾಸನೆ ಬದಲಾಗಬೇಕೆಂದಿಲ್ಲ, ಬಣ್ಣ ಬದಲಾಗಬೇಕೆಂದಿಲ್ಲ, ರುಚಿಯೂ ಹಾಗೆಯೇ ಇರಬಹುದು.

ಇದು ಊಹೆಯ ಮಾತಲ್ಲ. 1985ರಲ್ಲಿ ಕೆನಡಾದ ವ್ಯಾಂಕೂವರಿನ ಒಂದು ಹೋಟೆಲಿನಲ್ಲಿ ಎಣ್ಣೆಯಲ್ಲಿದ್ದ ಬೆಳ್ಳುಳ್ಳಿಯಿಂದ 36 ಮಂದಿಗೆ ಈ ಕಾಯಿಲೆ ಬಂತು. 1989ರಲ್ಲಿ ನ್ಯೂಯಾರ್ಕ್ ರಾಜ್ಯದ ಕಿಂಗ್‌ಸ್ಟನ್‌ನಲ್ಲಿ ಮತ್ತೆ ಮೂವರಿಗೆ ಬಂತು. ಅದರ ನಂತರ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಮಾರಾಟಕ್ಕಿಡುವ ಇಂಥ ಎಣ್ಣೆಗೆ ಹುಳಿಯಂಥ ತಡೆ ಸೇರಿಸಲೇಬೇಕೆಂದು ಕಡ್ಡಾಯ ಮಾಡಿತು. ಹುಳಿಯ ಅಳತೆಯಾದ ಪಿಎಚ್ (ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 4.6 ಅಥವಾ ಅದಕ್ಕಿಂತ ಕೆಳಗಿದ್ದರೆ ಈ ಬ್ಯಾಕ್ಟೀರಿಯ ಬೆಳೆಯದು. ಅಂಗಡಿಯ ಬಾಟಲಿಯಲ್ಲಿ ಆ ಹುಳಿ ಅಳೆದು ಹಾಕಿರುತ್ತಾರೆ. ಮನೆಯಲ್ಲಿ ಎರಡು ಹನಿ ನಿಂಬೆರಸ ಹಿಂಡಿದರೆ ಅದು ಎಸಳಿನ ಒಳಗಿನವರೆಗೆ ಇಳಿಯುವುದಿಲ್ಲ, ಎಣ್ಣೆಯಲ್ಲಿ ಬೆರೆಯುವುದೂ ಇಲ್ಲ. ಎಣ್ಣೆಯನ್ನು ಮೊದಲು ಕಾಯಿಸಿ ಆರಿಸಿದ್ದೇವೆ ಎನ್ನುವವರಿಗೂ ಇದೇ ಉತ್ತರ: ಬೀಜಕಣ ಸಾಯಬೇಕಾದರೆ ಅದಿರುವ ಜಾಗದಲ್ಲೇ 121 ಡಿಗ್ರಿ ಮುಟ್ಟಬೇಕು. ಎಣ್ಣೆ ಎಷ್ಟೇ ಕಾದಿರಲಿ, ನೀರಿರುವ ಎಸಳಿನ ನಡು 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ.

ಹಾಗಾದರೆ ಏನು ಮಾಡಬೇಕು? ಎಣ್ಣೆ-ಬೆಳ್ಳುಳ್ಳಿ ಬೇಕೇ ಬೇಕೆಂದರೆ ಅರೆದ ತಕ್ಷಣ ಫ್ರಿಜ್ಜಿಗೆ ಹೋಗಬೇಕು, ನಾಲ್ಕು ದಿನದಲ್ಲಿ ಮುಗಿಯಬೇಕು. ಹೆಚ್ಚು ದಿನಕ್ಕೆಂದರೆ ಐಸ್ ಟ್ರೇಯ ಗುಳಿಗಳಲ್ಲಿ ತುಂಬಿ ಹೆಪ್ಪುಗಟ್ಟಿಸಿ, ಒಂದೊಂದೇ ತುಂಡು ತೆಗೆದು ನೇರ ಬಾಣಲೆಗೆ ಹಾಕಿ. ಸುಲಿಯದ ಬೆಳ್ಳುಳ್ಳಿಗೆ ಇದಾವುದೂ ಬೇಡ, ಗಾಳಿಯಾಡುವ ಒಣ ಜಾಗದಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಹಸಿ ಮೆಣಸಿನಕಾಯಿ, ಹಸಿ ಸೊಪ್ಪುಗಳನ್ನು ಎಣ್ಣೆಯಲ್ಲಿ ಮುಳುಗಿಸುವುದಕ್ಕೂ ಇದೇ ಎಚ್ಚರಿಕೆ. ಪೂರ್ತಿ ಒಣಗಿಸಿದ್ದಾದರೆ ನೀರೇ ಇಲ್ಲದ್ದರಿಂದ ಈ ಭಯವಿಲ್ಲ. ಗಾಳಿ ಎಳೆದು ಪೊಟ್ಟಣ ಕಟ್ಟುವ ಯಂತ್ರ ಇಟ್ಟುಕೊಂಡವರೂ ಇದನ್ನು ನೆನಪಿಡಬೇಕು. ಗಾಳಿ ಎಳೆದ ಮಾತ್ರಕ್ಕೆ ಹಸಿ ಅಥವಾ ಬೇಯಿಸಿದ ಆಹಾರವನ್ನು ಹೊರಗಿಡುವಂತಿಲ್ಲ, ಫ್ರಿಜ್ ಬೇಕೇ ಬೇಕು.

ಬೆಣ್ಣೆಹಣ್ಣನ್ನು ನೀರಿನಲ್ಲಿ ಮುಳುಗಿಸಿ ಫ್ರಿಜ್ಜಿನಲ್ಲಿಡುವ ಉಪಾಯ ಹಬ್ಬಿದಾಗ, ಅಮೆರಿಕದ ಅದೇ ಆಹಾರ ಮತ್ತು ಔಷಧ ಆಡಳಿತ 2022ರಲ್ಲಿ ಬೇಡವೆಂದು ಹೇಳಿತು. ನೀರು ಗಾಳಿಯನ್ನು ತಡೆಯುವುದರಿಂದ ಹಣ್ಣು ಕಪ್ಪಾಗುವುದಿಲ್ಲ ಎನ್ನುವುದು ನಿಜವೇ. ಆದರೆ ಸಿಪ್ಪೆಯ ಮೇಲೆ ಲಿಸ್ಟೀರಿಯ, ಸಾಲ್ಮೊನೆಲ್ಲ ಎಂಬ ರೋಗ ತರುವ ಬ್ಯಾಕ್ಟೀರಿಯಗಳು ಇದ್ದರೆ ಅವು ಆ ನೀರಿನಲ್ಲಿ ಬೆಳೆಯಬಲ್ಲವು, ಲಿಸ್ಟೀರಿಯ ತಿರುಳಿನೊಳಗೂ ಇಳಿಯಬಲ್ಲದು. ಆಮೇಲೆ ಸಿಪ್ಪೆ ತೊಳೆದು ಫಲವಿಲ್ಲ. ಕಣ್ಣಿಗೆ ಕಾಣುವ ಕಪ್ಪನ್ನು ತಡೆಯಲು ಹೋಗಿ ಕಾಣದ್ದನ್ನು ಬೆಳೆಸಿದಂತೆ. ಕತ್ತರಿಸಿದ ಹಣ್ಣಿನ ಮೇಲೆ ನಿಂಬೆರಸ ಸವರಿ, ಗಾಳಿ ಸೇರದಂತೆ ಮುಚ್ಚಿ, ಮರುದಿನವೇ ತಿಂದು ಮುಗಿಸುವುದು ಒಳ್ಳೆಯದು.

ಬೇಯಿಸಿದ ಅನ್ನದ ಬಗ್ಗೆ ಎರಡು ತಪ್ಪು ನಂಬಿಕೆಗಳಿವೆ: ಪೂರ್ತಿ ಆರುವವರೆಗೆ ಹೊರಗೇ ಇಡಬೇಕು ಎನ್ನುವುದೊಂದು, ಮತ್ತೆ ಚೆನ್ನಾಗಿ ಬಿಸಿ ಮಾಡಿದರೆ ಎಲ್ಲ ಸರಿಹೋಗುತ್ತದೆ ಎನ್ನುವುದು ಇನ್ನೊಂದು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯದ ಬೀಜಕಣಗಳು ಇರಬಲ್ಲವು. ಅವು ಕುದಿಯುವ ನೀರಿಗೂ ಜಗ್ಗುವುದಿಲ್ಲ. ಅನ್ನ ಬೆಚ್ಚಗೆ ಕೂತಷ್ಟು ಹೊತ್ತೂ ಮೊಳೆತು ಬೆಳೆಯುತ್ತವೆ, ವಾಂತಿ ತರುವ ವಿಷ ಬಿಡುತ್ತವೆ. ಬ್ಯಾಕ್ಟೀರಿಯವನ್ನು ಮರುಬಿಸಿ ಕೊಲ್ಲುತ್ತದೆ. ಅದು ಬಿಟ್ಟ ವಿಷವನ್ನು ಯಾವ ಒಲೆಯ ಬಿಸಿಯೂ ಮುರಿಯದು. ಆದ್ದರಿಂದ ಕಾಯಬೇಕಾದದ್ದು ಬಿಸಿ ಮಾಡುವ ಹೊತ್ತಿನಲ್ಲಲ್ಲ, ಆರಿಸುವ ಹೊತ್ತಿನಲ್ಲಿ.

ಆಳವಾದ ಪಾತ್ರೆಯ ಅನ್ನಕ್ಕೆ ಕೈಯಿಟ್ಟು ನೋಡಿ. ಮೇಲ್ಭಾಗ ತಣ್ಣಗಿರುತ್ತದೆ, ನಡುವೆ ಬೆರಳು ಹಾಕಿದರೆ ಗಂಟೆಗಳ ಮೇಲೂ ಬೆಚ್ಚಗಿರುತ್ತದೆ. ಅಪಾಯದ ಜಾಗ ಆ ನಡುವೇ. ಉಳಿದ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಮೂರು ನಾಲ್ಕು ಸೆಂಟಿಮೀಟರಿಗಿಂತ ಎತ್ತರವಾಗದಂತೆ ಹರಡಿ, ಹಬೆ ನಿಂತ ಮೇಲೆ, ಹೆಚ್ಚೆಂದರೆ ಒಂದು ಗಂಟೆಯೊಳಗೆ ಫ್ರಿಜ್ಜಿಗೆ ಹಾಕಿ, ಮರುದಿನ ತಿಂದುಬಿಡಿ. ಸಾರು, ಪಲ್ಯದಂಥವನ್ನು ದೊಡ್ಡ ಪಾತ್ರೆಯಲ್ಲಿ ಮಾಡಿದರೆ ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು ಕೈಯಾಡಿಸಿ, ಆಮೇಲೆ ಸಣ್ಣ ಡಬ್ಬಿಗಳಿಗೆ ಹಂಚಿ. ಬೇಯಿಸಿದ್ದು 5ರಿಂದ 60 ಡಿಗ್ರಿಯ ನಡುವೆ ಒಟ್ಟು ಎರಡು ಗಂಟೆಗಿಂತ ಹೆಚ್ಚು ಇರಬಾರದು; ಮನೆಯೊಳಗೆ 32 ಡಿಗ್ರಿ ದಾಟಿದ ಸೆಕೆಯಿದ್ದರೆ ಒಂದೇ ಗಂಟೆ. ಫ್ರಿಜ್ಜಿನ ಒಳಗೆ 4 ಡಿಗ್ರಿ ಇದೆಯೇ ಎಂದು ತಿಳಿಯಲು ಗುಂಡಿಯ ಮೇಲಿನ ಅಂಕಿ ಸಾಲದು. ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಮುಳುಗಿಸಿ ನಡುವಿನ ತಟ್ಟಿನಲ್ಲಿ ರಾತ್ರಿಯಿಡೀ ಇಟ್ಟು ಬೆಳಗ್ಗೆ ನೋಡಬೇಕು. ಬಾಗಿಲಿನ ಗೂಡು ಎಲ್ಲಕ್ಕಿಂತ ಬೆಚ್ಚಗಿನ ಜಾಗ, ಹಾಲಿಗೆ ಅದು ಸಲ್ಲದು.

ಮೊಟ್ಟೆಯನ್ನು ಸುಣ್ಣದ ನೀರಿನಲ್ಲಿಡುವ ಹಳೆಯ ಕ್ರಮ ಈಗ ಮತ್ತೆ ಚಾಲ್ತಿಗೆ ಬರುತ್ತಿದೆ. ಒಂದು ಲೀಟರ್ ನೀರಿಗೆ ಸುಮಾರು 30 ಗ್ರಾಂ ಅರಳಿದ ಸುಣ್ಣ, ಆಹಾರಕ್ಕೆ ಬಳಸುವ ದರ್ಜೆಯದು. ಕದಡಿ, ಗಾಜಿನ ಜಾಡಿಗೆ ಹಾಕಿ, ಇಟ್ಟ ದಿನದ ಮೊಟ್ಟೆಗಳನ್ನು ಚೂಪು ತುದಿ ಕೆಳಗಾಗಿ ಇಳಿಬಿಟ್ಟು, ಮೇಲೆ ಎರಡು ಬೆರಳು ನೀರು ನಿಲ್ಲುವಂತೆ ನೋಡಿಕೊಂಡು, ಆವಿಯಾಗದಂತೆ ಮುಚ್ಚಿ ತಂಪಿನಲ್ಲಿಡುತ್ತಾರೆ. ಸುಣ್ಣ ಚಿಪ್ಪಿನ ರಂಧ್ರಗಳನ್ನು ಮುಚ್ಚುತ್ತದೆ, ನೀರಿನ ಕ್ಷಾರ ಬ್ಯಾಕ್ಟೀರಿಯವನ್ನು ದೂರವಿಡುತ್ತದೆ. ಹೀಗೆ ತಿಂಗಳುಗಟ್ಟಲೆ ಇರುತ್ತವೆ, ಬಿಳಿಭಾಗ ಮಾತ್ರ ತೆಳ್ಳಗಾಗುತ್ತದೆ. ಇಲ್ಲಿ ಕೆಡುವುದು ಎರಡು ಕಾರಣಕ್ಕೆ. ಮೊಟ್ಟೆಯ ಮೇಲೆ ಹುಟ್ಟಿನಿಂದಲೇ ಇರುವ ತೆಳು ಪೊರೆ ತೊಳೆದರೆ ಹೋಗುತ್ತದೆ, ಆದ್ದರಿಂದ ತೊಳೆದು ಮಾರುವ ಮೊಟ್ಟೆ ಇದಕ್ಕೆ ಬೇಡವೇ ಬೇಡ. ಕೂದಲೆಳೆಯಷ್ಟು ಬಿರುಕಿದ್ದರೂ ಆ ಒಂದು ಮೊಟ್ಟೆ ಇಡೀ ಜಾಡಿಯನ್ನು ಕೆಡಿಸುತ್ತದೆ. ಇಷ್ಟೆಲ್ಲ ಮಾಡಿದರೂ ಮೊಟ್ಟೆಯೊಳಗೆ ಮೊದಲೇ ಸಾಲ್ಮೊನೆಲ್ಲ ಇದ್ದರೆ ಸುಣ್ಣ ಅದನ್ನು ಮುಟ್ಟಲಾರದು. ಹಾಗಾಗಿ ಈ ಮೊಟ್ಟೆಗಳನ್ನು ಪೂರ್ತಿ ಬೇಯಿಸಿಯೇ ತಿನ್ನಬೇಕು. ಫ್ರಿಜ್ ಇರುವ ಮನೆಗೆ ಇದರ ಅಗತ್ಯವಿಲ್ಲ ಎಂಬುದು ನಮ್ಮ ಅಭಿಪ್ರಾಯ. ಇಡಿಯಾಗಿ ಕುದಿಸುವುದಾದರೆ ದಪ್ಪ ತುದಿಗೆ ಸೂಜಿಯಿಂದ ಒಂದು ತೂತು ಮಾಡಿ. ರಂಧ್ರ ಮುಚ್ಚಿರುವುದರಿಂದ ಒಳಗಿನ ಗಾಳಿ ಹೊರಬರಲಾಗದೆ ಚಿಪ್ಪು ಸೀಳುತ್ತದೆ.

ಫ್ರಿಜ್ ಇಲ್ಲದವರಿಗೆ ಮಡಕೆಯೊಳಗೊಂದು ಮಡಕೆ ಒಳ್ಳೆಯ ಉಪಾಯ. ಇದನ್ನು ಜನರಿಗೆ ತಲುಪಿಸಿದ್ದಕ್ಕೆ ನೈಜೀರಿಯಾದ ಶಿಕ್ಷಕ ಮೊಹಮ್ಮದ್ ಬಾ ಅಬ್ಬಾ ಅವರಿಗೆ 2000ದಲ್ಲಿ ರೋಲೆಕ್ಸ್ ಪ್ರಶಸ್ತಿ ಸಂದಿತ್ತು. ಮೆರುಗು ಹಚ್ಚದ ದೊಡ್ಡ ಮಡಕೆ, ಅದರೊಳಗೆ ಸಣ್ಣದು, ಎರಡರ ನಡುವೆ ಎರಡು ಮೂರು ಸೆಂಟಿಮೀಟರ್ ಮರಳು. ಮರಳನ್ನು ದಿನಕ್ಕೆರಡು ಸಲ ತೋಯಿಸಿ, ಬಾಯಿಗೆ ಒದ್ದೆ ಬಟ್ಟೆ ಮುಚ್ಚಿ, ನೆರಳಿನಲ್ಲಿ ಗಾಳಿ ಬೀಸುವ ಕಡೆ ಇಡಬೇಕು. ಹೊರಮೈಯಿಂದ ನೀರು ಆವಿಯಾಗುತ್ತ ಬಿಸಿಯನ್ನು ಎಳೆದೊಯ್ಯುತ್ತದೆ. ಒಣ ಹವೆಯಲ್ಲಿ ಒಳಗೆ ಹತ್ತು ಡಿಗ್ರಿಗೂ ಹೆಚ್ಚು ಇಳಿಯಬಹುದು. ಮಳೆಗಾಲದಲ್ಲಿ, ಕಡಲ ಪಕ್ಕದ ತೇವದ ಗಾಳಿಯಲ್ಲಿ ಎರಡು ಮೂರು ಡಿಗ್ರಿ ಇಳಿದರೆ ಹೆಚ್ಚು; ಆಗ ಮಡಕೆ ಕೆಟ್ಟಿದೆ ಎಂದು ತಿಳಿಯಬೇಡಿ, ಗಾಳಿಯೇ ನೀರು ಒಯ್ಯಲು ಸಿದ್ಧವಿಲ್ಲ. ಗಾಳಿಯಾಡದಂತೆ ಮುಚ್ಚಿದ ಕೋಣೆಯಲ್ಲಿಟ್ಟರೂ ಕೆಲಸ ನಡೆಯದು. ಟೊಮೆಟೊ, ಬದನೆ, ಸೊಪ್ಪಿಗೆ ಇದು ಸಾಕು. ಹಾಲು, ಮಾಂಸ, ಬೇಯಿಸಿದ ಆಹಾರಕ್ಕೆ ಸಾಲದು.

ಫ್ರೀಜರ್ ಇರುವವರು ಮನೆ ಬಿಟ್ಟು ಹೋಗುವಾಗ ಮಾಡುವ ಒಂದು ರೂಢಿಯನ್ನು ನಾವು ಎಲ್ಲರಿಗೂ ಹೇಳುತ್ತೇವೆ. ಒಂದು ಬಟ್ಟಲು ನೀರನ್ನು ಹೆಪ್ಪುಗಟ್ಟಿಸಿ, ಮೇಲೊಂದು ನಾಣ್ಯ ಇಟ್ಟು, ಫ್ರೀಜರಿನ ಬಾಗಿಲ ಕಡೆ ಇಡಿ. ಹಿಂತಿರುಗಿದಾಗ ನಾಣ್ಯ ಮೇಲೇ ಇದ್ದರೆ ಸರಿ. ನಡುವೆ ಸಿಕ್ಕಿಕೊಂಡಿದ್ದರೆ ಕರೆಂಟ್ ಸಾಕಷ್ಟು ಹೊತ್ತು ಹೋಗಿತ್ತು. ತಳದಲ್ಲಿದ್ದರೆ ಎಲ್ಲವೂ ಕರಗಿ ಮತ್ತೆ ಹೆಪ್ಪುಗಟ್ಟಿದೆ, ಮಾಂಸ, ಮೀನು, ಬೇಯಿಸಿದ್ದನ್ನು ಎಸೆಯಬೇಕು. ಕರಗಿತ್ತೇ ಎಂಬುದನ್ನಷ್ಟೇ ನಾಣ್ಯ ಹೇಳುತ್ತದೆ, ಎಷ್ಟು ಹೊತ್ತು ಎಂಬುದನ್ನಲ್ಲ. ಬಾಗಿಲು ತೆರೆಯದಿದ್ದರೆ ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ಚಳಿ ಹಿಡಿದಿರುತ್ತದೆ. ಕೆಳಗಿನ ಫ್ರಿಜ್ ಭಾಗ ನಾಲ್ಕೇ ಗಂಟೆ. ಫ್ರಿಜ್ ಭಾಗಕ್ಕೆ ನಾಣ್ಯದ ಸಾಕ್ಷಿ ಸಲ್ಲದು.

ಬೂಷ್ಟನ್ನು ಕೆರೆದು ಉಳಿದದ್ದನ್ನು ತಿನ್ನುವ ರೂಢಿಯ ಬಗ್ಗೆಯೂ ಒಂದು ಮಾತು. ಮೇಲೆ ಕಾಣುವುದು ಅದರ ಹೂವಿದ್ದಂತೆ, ಎಳೆಗಳು ಒಳಗೆ ಇಳಿದಿರುತ್ತವೆ. ಗಟ್ಟಿ ಚೀಸ್, ಕ್ಯಾರೆಟ್, ಕೋಸಿನಂಥ ಬಿಗಿಯಾದವುಗಳಲ್ಲಿ ಅವು ದೂರ ಹೋಗಲಾರವು, ಸುತ್ತಲೂ ಆಳಕ್ಕೂ ಎರಡೂವರೆ ಸೆಂಟಿಮೀಟರ್ ಕತ್ತರಿಸಿ ತೆಗೆದರೆ ಉಳಿದದ್ದನ್ನು ಬಳಸಬಹುದು. ಬ್ರೆಡ್, ಮೊಸರು, ಜಾಮ್, ಮೆತ್ತನೆಯ ಹಣ್ಣು, ಕಾಳುಕಡಿ ಇವಕ್ಕೆ ಬಂದರೆ ಪೂರ್ತಿ ಹೋಗಬೇಕು.

ನಮ್ಮ ಕೋರಿಕೆ ಇಷ್ಟೇ. ನಿಮ್ಮ ಪತ್ರಿಕೆಯ ಮನೆವಾರ್ತೆಯ ಪುಟದಲ್ಲಿ ಇಂಥ ಸಲಹೆ ಅಚ್ಚಾಗುವಾಗ ಅದು ಏನನ್ನು ತಡೆಯುತ್ತದೆ, ಎಷ್ಟು ತಂಪಿನಲ್ಲಿ, ಎಷ್ಟು ದಿನ, ಯಾವ ಪದಾರ್ಥಕ್ಕೆ ಸಲ್ಲದು ಎಂಬ ಎರಡು ಸಾಲು ಜೊತೆಯಲ್ಲಿರಲಿ. ಜಾಗ ಸಾಲದಿದ್ದರೆ ಸಲಹೆಗಳ ಸಂಖ್ಯೆ ಕಡಿಮೆಯಾಗಲಿ, ವಿವರ ಕಡಿಮೆಯಾಗುವುದು ಬೇಡ. ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿಟ್ಟು ಹೊರಗಿಡುವ ಸಲಹೆ ಹಿಂದೆ ಯಾವಾಗಲಾದರೂ ಅಚ್ಚಾಗಿದ್ದರೆ ಅದಕ್ಕೊಂದು ತಿದ್ದುಪಡಿಯನ್ನು ಅದೇ ಪುಟದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಬೇಕೆಂದು ಕೇಳಿಕೊಳ್ಳುತ್ತೇವೆ. ಅದನ್ನು ಕತ್ತರಿಸಿ ಅಡುಗೆಮನೆಯಲ್ಲಿ ಅಂಟಿಸಿಕೊಂಡವರು ಇದ್ದೇ ಇರುತ್ತಾರೆ.

ಇಂತಿ,
ಆಹಾರ ಸಂರಕ್ಷಣೆಯ ಪಾಠ ಹೇಳುವ ಓದುಗರು